ನನ್ನ ಕೈಗೆಟುಕಿದ ಹಾಪ್ಸ್

ನನ್ನ ಮೇಜಿನ ಮೇಲೆ ಪೆನ್ನುಗಳನ್ನು ನಿಲ್ಲಿಸುವ ಸ್ಟೀಲ್ ಲೋಟದಲ್ಲಿ ನಾಲ್ಕನೇ ನಂಬರಿನ ಒಂದು ಬ್ರಶ್ ಇದೆ. ಚಿತ್ರ ಬರೆಯುವ ಬ್ರಶ್. ನನಗೆ ಚಿತ್ರ ಬರೆಯಲು ಬರುವುದಿಲ್ಲ. ಮೂವತ್ತೆರಡು ವರ್ಷ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಕರಿಹಲಗೆಯ ಮೇಲೆ ನಾನು ಬರೆದ ಹಸುವನ್ನು ಇಡೀ ತರಗತಿ ಒಕ್ಕೊರಲಿನಿಂದ ಮೇಜು ಎಂದು ಗುರುತಿಸಿದ್ದುಂಟು. ಕಳೆದ ಭಾನುವಾರ ಮೇಜು ಒರೆಸುತ್ತಿದ್ದ ನನ್ನ ಹೆಂಡತಿ ಸುಲೋಚನಾ ಆ ಬ್ರಶ್ಶನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದನ್ನು ಇನ್ನೂ ಇಟ್ಕೊಂಡಿದ್ದೀರಾ? ನಾಚಿಕೆ ಅಂತ ಉಂಟಾ ನಿಮಗೆ?” ಎಂದಳು. ಇದೆ. ಇರುವುದರಿಂದಲೇ ಇಟ್ಟುಕೊಂಡಿದ್ದೇನೆ.

ಈ ಬ್ರಶ್ಶಿಗೂ ಬಿಯರಿಗೂ ಸಂಬಂಧವಿದೆ ಎಂದರೆ ನೀವು ನನ್ನನ್ನು ಬೇರೆ ದೃಷ್ಟಿಯಿಂದ ನೋಡಲು ಶುರುಮಾಡುತ್ತೀರಿ. ನಾನು ಕುಡಿಯುವವನಲ್ಲ. ಕುಡಿಯದಿರುವುದರ ಹಿಂದೆ ದೊಡ್ಡ ತತ್ವವೇನೂ ಇಲ್ಲ. ಒಮ್ಮೆ ಕುಡಿದು ನೋಡಿದೆ, ಹಾಗಲಕಾಯಿ ಬೇಯಿಸಿದ ನೀರಿಗೆ ಸೋಡಾ ಬೆರೆಸಿದಂತಿತ್ತು. ಮನೆಯಲ್ಲೇ ಸಿಗುವ ಕಷ್ಟವನ್ನು ಹೊರಗೆ ಹೋಗಿ ಅನುಭವಿಸುವುದೇಕೆ ಎಂದು ಬಿಟ್ಟೆ. ಆದರೆ ನಾನಿರುವ ಭಾಂಡುಪಿನಲ್ಲಿ, ಹಿಂದೆ ಭೋಂಗಾ ಕೂಗಿದ ಕೂಡಲೇ ಜನ ಡಬ್ಬಿ ಹಿಡಿದು ಓಡುತ್ತಿದ್ದ ಕಾರ್ಖಾನೆಗಳ ಶೆಡ್ಡಿನಲ್ಲಿ, ಈಗ ಗಡ್ಡ ಬಿಟ್ಟ ಯುವಕರು ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು, ಮೊದಲು ಮಾವು, ಆಮೇಲೆ ಪೈನ್ ಮರ, ಕೊನೆಗೆ ಒದ್ದೆ ಮಣ್ಣು ಎಂದು ವರದಿ ಒಪ್ಪಿಸುತ್ತಾರೆ. ಇದಕ್ಕೆ ಕ್ರಾಫ್ಟ್ ಬಿಯರ್ ಎನ್ನುತ್ತಾರೆ. ಲೋಕಲ್ ಬಿಯರ್ ಎಂದೂ ಎನ್ನುತ್ತಾರೆ. ಲೋಕಲ್ ಎಂದರೆ ರೈಲು ಎಂದಷ್ಟೇ ತಿಳಿದಿದ್ದ ನನಗೆ, ಈ ಲೋಕಲ್ಲಿನಲ್ಲಿ ನೀರೊಂದನ್ನು ಬಿಟ್ಟರೆ ಬಹುಪಾಲು ಎಲ್ಲವೂ ದೂರದೇಶದಿಂದ ಬರುತ್ತದೆ ಎಂದು ಗೊತ್ತಾದಾಗ ಅದರ ಮೇಲೆ ತುಂಬ ಗೌರವ ಮೂಡಿತು. ಹಾಗೆ ಬರುವ ವಸ್ತುಗಳಲ್ಲಿ ಒಂದು ಹಾಪ್ಸ್. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಒಂದು ಬಳ್ಳಿಯ ಹೂವು. ಅದನ್ನು ಮುಂಬೈಯಲ್ಲೇ ಬೆಳೆಯುತ್ತೇನೆ ಎಂದು ಹೊರಟವರೊಬ್ಬರಿದ್ದರು. ಆ ಬೆಳೆಯನ್ನು ಹಾಳುಮಾಡಿದವನೊಬ್ಬನೂ ಇದ್ದ. ಎರಡನೆಯವನು ನಾನು.

ಮೊದಲನೆಯವರು ದಾಮೋದರ ಭಾವ, ಸುಲೋಚನಾಳ ಅಣ್ಣ. ನಾನು ಅವರನ್ನೂ ಅವರು ನನ್ನನ್ನೂ ಕರೆಯುವುದು ಭಾವ ಎಂದೇ. ಉಡುಪಿ ಕಡೆಯಿಂದ ಚಿಕ್ಕಂದಿನಲ್ಲೇ ಬಂದು, ಲೋಟ ತೊಳೆದು, ಟೇಬಲ್ ಒರೆಸಿ, ಕೊನೆಗೆ ಕುರ್ಲಾ ಸ್ಟೇಷನ್ನಿನ ಹತ್ತಿರ ಸ್ವಂತ ಹೋಟೆಲು ಇಟ್ಟವರು. ನಮ್ಮ ಕಡೆಯ ಎಷ್ಟೋ ಜನರ ಕಥೆ ಇದೇ ಆದ್ದರಿಂದ ವಿವರಿಸುವುದಿಲ್ಲ. ಅವರಲ್ಲಿ ಬೇರೆಯಾಗಿದ್ದದ್ದು ಮೂಗು. ಗಲ್ಲಾದಲ್ಲಿ ಕುಳಿತು, ಎದುರಿಗೆ ನಲವತ್ತು ಜನ ತಿನ್ನುತ್ತಿರುವಾಗ, “ಒಳಗೆ ಸಾಂಬಾರಿಗೆ ಇಂಗು ಬಿದ್ದಿಲ್ಲ, ನೋಡಿ” ಎಂದು ಕೂಗುತ್ತಿದ್ದರು. ಬಿದ್ದಿರುತ್ತಿರಲಿಲ್ಲ. ಹಾಲು ಒಡೆಯುವ ಸುದ್ದಿ ಹಾಲಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಈ ಮೂಗಿನ ದೊಡ್ಡ ಬಲಿಪಶು ಎಂದರೆ ನಾನೇ. ಸುಲೋಚನಾ ಮದುವೆಯಾದ ವರ್ಷವೇ ಜಿರಳೆಗಳ ಮೇಲೆ ಯುದ್ಧ ಸಾರಿದವಳು. ಅಂದಿನಿಂದ ನನ್ನ ಅಂಗಿಗಳ ಮಡಿಕೆಗಳ ನಡುವೆ ನುಸಿಗುಳಿಗೆ ಇಡುತ್ತಾಳೆ. ನಾನು ಹೋಟೆಲಿನ ಮೆಟ್ಟಿಲು ಹತ್ತುವ ಮೊದಲೇ, ಬೆನ್ನು ಹಾಕಿ ಕೂತಿದ್ದರೂ ಸಹ, ಭಾವ ದೊಡ್ಡ ದನಿಯಲ್ಲಿ, “ಬಂದ್ರು ನುಸಿಗುಳಿಗೆ ಮಾಸ್ಟ್ರು! ಒಂದು ಕಾಫಿ!” ಎನ್ನುತ್ತಿದ್ದರು. ಇಡೀ ಹೋಟೆಲು ನಗುತ್ತಿತ್ತು. ನಗುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇರುತ್ತಿದ್ದರು. ಇದೊಂದೇ ಕಾರಣಕ್ಕೆ ನಾನು ಅವರ ಜೊತೆ ಮೂರು ಸಲ ಮಾತು ಬಿಟ್ಟಿದ್ದೇನೆ.

ಆಮೇಲೆ ಕೊರೋನಾ ಬಂತು. ಭಾವನಿಗೂ ಬಂತು, ಹೋಯಿತು, ಹೋಗುವಾಗ ಮೂಗನ್ನು ಒಯ್ದಿತು. ಎಲ್ಲರದೂ ಒಂದೆರಡು ತಿಂಗಳಲ್ಲಿ ವಾಪಸ್ ಬಂದರೆ ಇವರದು ಬರಲಿಲ್ಲ. ಇಂಗು ಸುಟ್ಟರೂ ಗೊತ್ತಾಗದು, ಗ್ಯಾಸ್ ಸೋರಿದರೂ ಗೊತ್ತಾಗದು. ಅದರ ಮರುವರ್ಷ ಹೋಟೆಲಿದ್ದ ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಗಿ ನೆಲಸಮವಾಯಿತು. ಆ ಜಾಗದ ಸುತ್ತ ನಿಲ್ಲಿಸಿದ ನೀಲಿ ತಗಡಿನ ಮೇಲೆ ಮುಂದೆ ಬರಲಿರುವ ಟವರಿನ ಚಿತ್ರವಿತ್ತು. ಅದರ ಈಜುಕೊಳದಲ್ಲಿ ಯಾವುದೋ ದೇಶದ ಹೆಂಗಸು ಕಾಲು ಬಿಟ್ಟು ಕೂತಿದ್ದಳು. ಭಾವ ದಿನಾ ಬೆಳಿಗ್ಗೆ ಹೋಗಿ ಆ ತಗಡನ್ನು ನೋಡಿ ಬರುತ್ತಿದ್ದರು. ಊಟ ಕಡಿಮೆಯಾಯಿತು. “ಹತ್ತಿ ಅಗಿದ ಹಾಗೆ ಆಗ್ತದೆ ಭಾವ” ಎಂದು ನನಗೊಮ್ಮೆ ಹೇಳಿದರು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಡಿಲವಾಗಿ ತಿರುಗುತ್ತಿತ್ತು. ನಾನು ಅವರ ಮನೆಗೆ ಹೋದರೆ, “ಬನ್ನಿ ಭಾವ, ಕೂತ್ಕೊಳ್ಳಿ” ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಆ ಮರ್ಯಾದೆಯನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಹೀಗಿರುವಾಗ ನಿಕಿತಾ ಬಂದಳು. ಭಾವನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದೋಸೆ ಹುಯ್ದ ಶೀನಣ್ಣನ ಮಗಳು. ದೋಸೆಹಿಟ್ಟು ಹುಳಿಯೇರುವುದನ್ನು ನೋಡುತ್ತ ಬೆಳೆದವಳು ಸೂಕ್ಷ್ಮಜೀವಿಗಳ ಬಗ್ಗೆ ಓದಿ, ಎಲ್ಲೆಲ್ಲೋ ಕೆಲಸ ಕಲಿತು, ಭಾಂಡುಪಿನ ಒಂದು ಶೆಡ್ಡಿನಲ್ಲಿ ಬಿಯರ್ ಕುದಿಸಲು ಶುರುಮಾಡಿದ್ದಳು. ಮನೆತನದ ಕಸುಬು ಎಂದೇ ಹೇಳಬೇಕು. ಅದರ ಉದ್ಘಾಟನೆಗೆ ಭಾವನನ್ನು ಕರೆಯಲು ಬಂದಿದ್ದಳು, ನಾನೂ ಅಲ್ಲಿದ್ದೆ. ಮಾತಿನ ನಡುವೆ ಚೀಲದಿಂದ ಒಂದು ಪೊಟ್ಟಣ ತೆಗೆದು, “ಅಂಕಲ್, ಇದು ಸ್ಮೆಲ್ ಮಾಡಿ ನೋಡಿ ನಾ. ಹಾಪ್ಸ್. ಬಹುತ್ ಸ್ಟ್ರಾಂಗ್ ಹೈ” ಎಂದಳು. ಅವಳಿಗೆ ಭಾವನ ಮೂಗಿನ ವಿಷಯ ಗೊತ್ತಿರಲಿಲ್ಲ. ಭಾವ ಬೇಸರ ತೋರಿಸದೆ, ಒಣಗಿದ ಆ ಹೂವನ್ನು ಅಂಗೈಯಲ್ಲಿ ಉಜ್ಜಿ ಮೂಗಿಗೆ ಹಿಡಿದರು. ಹಿಡಿದವರು ಕೈ ಇಳಿಸಲೇ ಇಲ್ಲ.

“ಭಾವಾ, ಬಂತು.”

“ಎಂತ ಬಂತು?”

“ಎಂತದೋ. ನಿಂಬೆಹುಲ್ಲಿನ ಹಾಗೆ. ಅಲ್ಲ, ಅರಿಸಿನ ಎಲೆ ಹರಿದ ಹಾಗೆ. ದೂರದಲ್ಲಿ ಉಂಟು, ಆದ್ರೆ ಉಂಟು ಮಾರಾಯ್ರೆ!” ಎಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತು.

ಆ ವಾಸನೆ ಒಂದು ವಾರ ಇತ್ತು. ಆಮೇಲೆ ಪೊಟ್ಟಣದಿಂದ ಹೋಯಿತೋ ಮೂಗಿನಿಂದ ಹೋಯಿತೋ, ಹೋಯಿತು. ಭಾವ ನನ್ನನ್ನು ಕಟ್ಟಿಕೊಂಡು ನಿಕಿತಾಳ ಶೆಡ್ಡಿಗೆ ನಡೆದರು. “ಅದು ಡ್ರೈ ಹೈ ಅಂಕಲ್, ಪುರಾನಾ. ಬಳ್ಳಿಯಿಂದ ಫ್ರೆಶ್ ತೆಗೆದ್ರೆ ದಸ್ ಗುನಾ ಸ್ಟ್ರಾಂಗ್. ಲೇಕಿನ್ ಇಧರ್ ನಹೀ ಹೋತಾ. ಬೇರಿಗೆ ಎರಡು ತಿಂಗಳು ಥಂಡಿ ಬೇಕು. ಬೆಳೀಲಿಕ್ಕೆ ಲಂಬಾ ದಿನ ಬೇಕು” ಎಂದಳು.

“ಥಂಡಿ ಎಷ್ಟು? ಇಡ್ಲಿಹಿಟ್ಟು ಇಡುವ ಫ್ರಿಜ್ಜಿನಷ್ಟು ಸಾಕಾ?” ಎಂದು ಭಾವ ಕೇಳಿದರು.

ಹೋಟೆಲಿನವರ ತೊಂದರೆಯೇ ಇದು. ಗಿರಾಕಿ ಏನು ಕೇಳಿದರೂ ‘ಇಲ್ಲ’ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ‘ಹತ್ತು ನಿಮಿಷ’ ಎನ್ನುತ್ತಾರೆ. ನಿಕಿತಾ ನಕ್ಕು, ಒಂದು ಬಕೆಟಿನಷ್ಟು ಒಳ್ಳೆಯ ಹೂವು ತಂದರೂ ಸಾಕು, ಅದರಿಂದಲೇ ಒಂದು ಹಂಡೆ ಬಿಯರ್ ಮಾಡಿ ಬೋರ್ಡಿನ ಮೇಲೆ ಹೆಸರು ಬರೆಯುತ್ತೇನೆ ಎಂದು ಮಾತು ಕೊಟ್ಟಳು. ಭಾವನಿಗೆ ಬಿಯರ್ ಬೇಕಿರಲಿಲ್ಲ. ಅವರು ಜನ್ಮದಲ್ಲಿ ಕುಡಿದವರಲ್ಲ. ಅವರಿಗೆ ಬೇಕಿದ್ದದ್ದು ಬಳ್ಳಿಯಿಂದ ಆಗಷ್ಟೇ ಕಿತ್ತ ಒಂದು ಹೂವು, ಅಷ್ಟೇ.

ಮಲಾಡಿನಲ್ಲಿ ಹೋಟೆಲು ನಡೆಸುವ ಅವರ ಸ್ನೇಹಿತರೊಬ್ಬರಿಗೆ ಮಾರ್ವೆಯ ಆಚೆ, ಖಾಡಿ ಎನ್ನುವ ಸಮುದ್ರದ ಹಿನ್ನೀರನ್ನು ದಾಟಿದ ಮೇಲೆ, ಅರ್ಧ ಎಕರೆಯ ಒಂದು ವಾಡಿ ಇತ್ತು. ಬಾವಿ, ನಾಲ್ಕು ತೆಂಗು, ಸೊಪ್ಪಿನ ಮಡಿಗಳು. ಅದು ಭಾವನ ಹೊಲವಾಯಿತು. ಹಿಮಾಲಯದ ಯಾವುದೋ ಕಣಿವೆಯಿಂದ ನಿಕಿತಾ ಎರಡು ಡಜನ್ ಬೇರು ತರಿಸಿದಳು. ನೋಡಲು ಒಣಶುಂಠಿ. ಆ ಬೇರುಗಳು ತಮ್ಮ ಚಳಿಗಾಲವನ್ನು ಮಲಾಡಿನ ಹೋಟೆಲಿನ ಫ್ರಿಜ್ಜಿನಲ್ಲಿ, ಇಡ್ಲಿಹಿಟ್ಟು ಮತ್ತು ಕೊತ್ತಂಬರಿ ಸೊಪ್ಪಿನ ನಡುವೆ ಕಳೆದವು. ಅಲ್ಲಿಯ ಅಡುಗೆಯವನು ಒಂದನ್ನು ಶುಂಠಿಯೆಂದೇ ಜಜ್ಜಿ ಚಹಾಕ್ಕೆ ಹಾಕಿಬಿಟ್ಟ. ಆ ದಿನ ಚಹಾದ ಬಗ್ಗೆ ಒಬ್ಬ ಗಿರಾಕಿಯೂ ದೂರು ಹೇಳಲಿಲ್ಲ ಎಂಬುದು ಆ ಹೋಟೆಲಿನ ಚಹಾದ ಬಗ್ಗೆ ಎಲ್ಲವನ್ನೂ ಹೇಳುತ್ತದೆ. ಉದ್ದನೆಯ ದಿನಕ್ಕೆ ಗಣಪತಿ ಪೆಂಡಾಲಿನ ಮಾಲೆದೀಪಗಳು ಬಂದವು. ಸಂಜೆ ಸೂರ್ಯ ಮುಳುಗಿದ ಮೇಲೂ ಎರಡು ಮೂರು ಗಂಟೆ ವಾಡಿ ಕೆಂಪು, ಹಸಿರು, ನೀಲಿಯಾಗಿ ಮಿನುಗುತ್ತಿತ್ತು. ಫೆರಿಯಲ್ಲಿ ಬರುವವರು ಯಾರ ಮದುವೆ ಎಂದು ಕೇಳುತ್ತಿದ್ದರು.

ಬಳ್ಳಿ ಎತ್ತರಕ್ಕೆ ಏರಬೇಕು. ಅದಕ್ಕೆ ಮಲ್ಲಪ್ಪ ಬಂದ. ಬಿಜಾಪುರದ ಕಡೆಯವನು, ವಯಸ್ಸು ಐವತ್ತರ ಮೇಲೆ. ಕಟ್ಟುವ ಬಿಲ್ಡಿಂಗುಗಳ ಸುತ್ತ ಬಿದಿರಿನ ಪರಾಂಚಿ ಕಟ್ಟುವುದು ಅವನ ಕಸುಬು. ಚಪ್ಪರ ಎಂದರೆ ಅವನಿಗೆ ಅವಮಾನ.

“ಎಷ್ಟ್ ಮಾಳಿಗಿ ಬರತೈತ್ರೀ ಇದು?”

“ಬಿಲ್ಡಿಂಗ್ ಅಲ್ಲ ಮಲ್ಲಪ್ಪ, ಬಳ್ಳಿ” ಎಂದರು ಭಾವ.

“ಬಳ್ಳೀನ ಆಗ್ಲಿ. ಎಷ್ಟ್ ಮಾಳಿಗಿ ಏರತೈತಿ?”

“ಎರಡು ಅಂತ ಇಟ್ಕೊಳ್ಳಿ.”

“ಹಂಗಾರ ಮೂರಕ್ಕ ಕಟ್ತೀನಿ. ನಾಳಿ ಪರ್ಮಿಷನ್ ಸಿಕ್ಕು ಇನ್ನೊಂದು ಏರ್ಸಿದ್ರ ಮತ್ತ ನನ್ನನ್ನ ಕರೀಬ್ಯಾಡ್ರಿ.”

ಮೂರು ಮಾಳಿಗೆಗೆ ಕಟ್ಟಿದ. ಬಳ್ಳಿಗಳೂ ನಾಚದೆ ಏರಿದವು. ಭಾವ ವಾರದಲ್ಲಿ ಐದು ದಿನ ಅಲ್ಲೇ ಇರುತ್ತಿದ್ದರು. ನಾನು ಮಂಗಳವಾರ, ಶನಿವಾರ ಹೋಗುತ್ತಿದ್ದೆ. ಭಾಂಡುಪಿನಿಂದ ಮಲಾಡಿಗೆ ಕಾಗೆ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಕಾಗೆಯಲ್ಲದ ನಾನು ದಾದರಿಗೆ ಇಳಿದು, ಬ್ರಿಡ್ಜು ಹತ್ತಿ, ಇನ್ನೊಂದು ಲೈನು ಹಿಡಿದು, ಬಸ್ಸು, ಫೆರಿ ಎಲ್ಲ ಮುಗಿಸಿ, ತಲಪುವಷ್ಟರಲ್ಲಿ ಊಟದ ಹೊತ್ತಾಗಿರುತ್ತಿತ್ತು. ಹೋಗಿ ಏನು ಮಾಡುತ್ತಿದ್ದೆ ಎಂದು ಕೇಳಬೇಡಿ. ಸಲಹೆ ಕೊಡುತ್ತಿದ್ದೆ.

ಬೇಸಿಗೆಯಲ್ಲಿ ಒಂದು ಬಳ್ಳಿ ಎಲ್ಲಕ್ಕಿಂತ ಮೊದಲು ಹೂಬಿಟ್ಟಿತು. ಸಣ್ಣ ಸಣ್ಣ ಹೂಗಳ ಗೊಂಚಲು. ನಾವು ಸಂಭ್ರಮದಿಂದ ಫೋನು ಮಾಡಿದರೆ ನಿಕಿತಾ ಮರುದಿನವೇ ಓಡಿಬಂದು, ಅದನ್ನು ನೋಡಿ ಹಣೆ ಚಚ್ಚಿಕೊಂಡಳು. “ಅಂಕಲ್, ಯೇ ಮೇಲ್ ಹೈ! ಗಂಡು! ಇದು ನಿಕಾಲೋ. ಪೂರಾ, ಜಡ್ ಸೇ. ಆಜ್ ಹೀ” ಎಂದಳು. ಅಷ್ಟರಲ್ಲಿ ಶೆಡ್ಡಿನಿಂದ ಏನೋ ಉಕ್ಕಿತೆಂದು ಫೋನು ಬಂತು, ಫೆರಿಗೆ ಓಡಿದಳು. ಭಾವ ಬಳ್ಳಿಯನ್ನು ಬುಡಸಮೇತ ಕಿತ್ತು ನನ್ನ ಕೈಗೆ ಕೊಟ್ಟು, “ಹೋಗುವಾಗ ಖಾಡಿಗೆ ಬಿಸಾಡಿ ಭಾವ” ಎಂದರು. ಯಾಕೆ ಕೀಳಬೇಕು ಎಂದು ನಾನು ಕೇಳಲಿಲ್ಲ. ಗಂಡು ಎಂಬ ಒಂದೇ ಅಪರಾಧಕ್ಕೆ ಬುಡಸಮೇತ ಹೊರಹಾಕಲ್ಪಟ್ಟ ಆ ಬಳ್ಳಿಯನ್ನು ನೋಡಿದರೆ, ನಿವೃತ್ತನಾಗಿ ಮನೆಯಲ್ಲಿರುವ ನನಗೆ ಕರುಳು ಚುರುಕ್ ಎಂದಿತು. ಪೇಪರಿನಲ್ಲಿ ಸುತ್ತಿ ಭಾಂಡುಪಿಗೆ ತಂದೆ. ಅದಲ್ಲದೆ ನನಗೆ ಗಂಡುಬಳ್ಳಿಯ ಬೆಲೆ ಗೊತ್ತಿತ್ತು. ಎಲ್ಲಿಂದ ಎಂದರೆ, ಅದಕ್ಕೆ ಕುರ್ಲಾದ ಚಾಳಿಗೆ ಹೋಗಬೇಕು.

ನಾನು ಹುಟ್ಟಿ ಬೆಳೆದದ್ದು ಕುರ್ಲಾದ ಚಾಳಿನಲ್ಲಿ, ಏಳನೇ ಖೋಲಿ. ಅಮ್ಮ ಊರಿನಿಂದ ಮಾಡಹಾಗಲದ ಗೆಡ್ಡೆ ತಂದು, ಎಣ್ಣೆಡಬ್ಬಿಯಲ್ಲಿ ನೆಟ್ಟು, ಗ್ಯಾಲರಿಯ ಕಟಕಟೆಗೆ ಬಳ್ಳಿ ಹಬ್ಬಿಸಿದ್ದಳು. ಮೈಮೇಲೆ ಮೃದುವಾದ ಮುಳ್ಳಿರುವ ಹಸಿರು ಕಾಯಿ. ಮಳೆಗಾಲದಲ್ಲಿ ಇಲ್ಲಿಯ ಮಾರ್ಕೆಟ್ಟಿನಲ್ಲಿ ಅದರ ನೆಂಟನನ್ನು ಕಂಟೋಲಿ ಎಂದು ಮಾರುತ್ತಾರಲ್ಲ, ಅದೇ ಕುಲದ್ದು. ಅದರಲ್ಲಿ ಗಂಡುಬಳ್ಳಿ ಬೇರೆ, ಹೆಣ್ಣುಬಳ್ಳಿ ಬೇರೆ. ಬೆಳಿಗ್ಗೆ ಹೂವು ಅರಳಿದ ಕೂಡಲೇ ಗಂಡುಹೂವನ್ನು ಕಿತ್ತು ಹೆಣ್ಣುಹೂವಿಗೆ ಸವರಬೇಕು. ಸವರದಿದ್ದರೆ ಎಳೆಗಾಯಿ ಹಳದಿಯಾಗಿ ಉದುರಿಹೋಗುತ್ತದೆ. ನಮ್ಮದು ಹೆಣ್ಣುಬಳ್ಳಿ. ಗಂಡುಬಳ್ಳಿ ಇದ್ದದ್ದು ಮೂರನೇ ಖೋಲಿಯ ಶಾಂತಕ್ಕನ ಹತ್ತಿರ. ಆಕೆ ಕಾರವಾರದವಳು, ಬಾಯಿ ಜೋರು. ನಮ್ಮ ಅಮ್ಮನದೂ ಕಡಿಮೆಯಿರಲಿಲ್ಲ. ನಳದ ನೀರಿಗಾಗಿ ಇಬ್ಬರೂ ಜಗಳವಾಡಿದರೆ ಗಂಡುಹೂವಿನ ಸರಬರಾಜು ನಿಂತುಹೋಗುತ್ತಿತ್ತು. ಶಾಲೆಗೆ ಹೋಗುವ ಮೊದಲು ಮೂರನೇ ಖೋಲಿಯಿಂದ ಏಳನೇ ಖೋಲಿಗೆ ಅಂಗೈಯಲ್ಲಿ ಮದುಮಗನನ್ನು ಹೊತ್ತು ಓಡುವವನು ನಾನು; ಇಬ್ಬರೂ ಮಾತು ಬಿಟ್ಟ ಕಾಲದಲ್ಲಿ ಕದ್ದು ಓಡುವವನೂ ನಾನೇ. ಒಂದು ವರ್ಷ ಜಗಳ ಆಷಾಢದಿಂದ ಚೌತಿಯವರೆಗೆ ನಡೆದು, ನನ್ನ ಕಳ್ಳತನವೂ ಸಿಕ್ಕಿಬಿದ್ದು, ಚಾಳಿಗೆ ಚಾಳೇ ಒಂದು ಕಾಯಿ ಕಾಣಲಿಲ್ಲ. ಅಮ್ಮ ಉದುರಿದ ಹಳದಿ ಪೀಚುಗಳನ್ನು ಗುಡಿಸುತ್ತ ಅತ್ತದ್ದು ನನಗೆ ನೆನಪಿದೆ. ಗಂಡುಹೂವು ಸವರದಿದ್ದರೆ ಫಸಲಿಲ್ಲ ಎಂಬ ಒಂದು ಸಂಗತಿ ನನ್ನ ತಲೆಯಲ್ಲಿ ಮಗ್ಗಿಗಿಂತ ಗಟ್ಟಿಯಾಗಿ ಕೂತಿದೆ.

ಆದ್ದರಿಂದ ಮೂರು ವಾರಗಳ ನಂತರ ವಾಡಿಯ ಇಪ್ಪತ್ತೆರಡು ಹೆಣ್ಣುಬಳ್ಳಿಗಳೂ ಮೊಗ್ಗು ಬಿಟ್ಟಾಗ ನನಗೆ ಅವು ಉದುರುವ ಚಿಂತೆ ಹತ್ತಿತು. ಬಿಳಿ ಕೂದಲು ಕೆದರಿದ, ಬಟಾಣಿಗಿಂತ ಸಣ್ಣ, ಸೊರಗಿದ ಮೊಗ್ಗುಗಳು. ಭಾವ ಒಂದೊಂದನ್ನೇ ಮುಟ್ಟಿ, “ಉದುರುದಿಲ್ಲ ಅಲ್ವಾ ಭಾವ?” ಎಂದು ಕೇಳುತ್ತಿದ್ದರು. ಇನ್ನೊಂದು ತಿಂಗಳಲ್ಲಿ ಮಳೆ. ಈ ಸಲ ಉದುರಿದರೆ ಆ ಕುತ್ತಿಗೆ ಕಾಲರಿನೊಳಗೆ ಇನ್ನಷ್ಟು ಸಡಿಲವಾಗುವುದನ್ನು ನಾನು ನೋಡಬೇಕಿತ್ತು. ಮನೆಗೆ ತಂದ ಗಂಡುಬಳ್ಳಿಯ ಹೂಗಳು ಪೇಪರಿನ ಮೇಲೆ ಉದುರಿಸಿದ್ದ ಪುಡಿಯನ್ನು ನಾನು ಹೋಮಿಯೋಪತಿ ಗುಳಿಗೆಯ ಖಾಲಿ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದೆ. ಸುಲೋಚನಾ ಎಂತದು ಎಂದು ಕೇಳಿದಾಗ ಮಂಡಿನೋವಿನ ಔಷಧಿ ಎಂದಿದ್ದೆ. ಆ ಬಾಟಲಿಯನ್ನೂ ಶಾಲೆಯ ಕಾಲದ ಈ ನಾಲ್ಕನೇ ನಂಬರಿನ ಬ್ರಶ್ಶನ್ನೂ ಜೇಬಿನಲ್ಲಿಟ್ಟುಕೊಂಡು ಮಂಗಳವಾರ ಹೊರಟೆ.

ಭಾವ ಊಟ ಮಾಡಿ ಒರಗಿದ ಹೊತ್ತಿಗೆ ನನ್ನ ಸೇವೆ ಶುರು. ಬ್ರಶ್ಶಿನ ತುದಿಯನ್ನು ಬಾಟಲಿಗೆ ಅದ್ದುವುದು, 'ಚಿರಂಜೀವಿಯಾಗು' ಎಂದು ಮೊಗ್ಗಿಗೆ ಸವರುವುದು. ಮಂಗಳವಾರ, ಶನಿವಾರ, ಮತ್ತೆ ಮಂಗಳವಾರ. ಇಪ್ಪತ್ತೆರಡು ಬಳ್ಳಿ, ಲೆಕ್ಕವಿಲ್ಲದ ಮೊಗ್ಗು. ಮಲ್ಲಪ್ಪ ಒಮ್ಮೆ ನೋಡಿದ. ಅವನು ಏನೂ ಕೇಳಲಿಲ್ಲ. ಬೇಕಾದರೆ ಪರಾಂಚಿ ಹತ್ತಿಸುತ್ತೇನೆ ಎಂದ. ಮೂರು ಮಾಳಿಗೆಯ ಬಿದಿರನ್ನು ಒಮ್ಮೆ ನೋಡಿ, ಮಂಡಿನೋವು ಎಂದೆ. ಎತ್ತರಕ್ಕೆ ಹೆದರುತ್ತೇನೆ ಎನ್ನುವುದಕ್ಕಿಂತ ಅದು ಮೇಲು.

ಎರಡು ವಾರದಲ್ಲಿ ಹೂಗಳು ಉಬ್ಬಿದವು. ಎಸಳಿನ ಮೇಲೆ ಎಸಳು ಹೊದ್ದ ಹಸಿರು ಗೊಂಡೆಗಳು. ನಿಕಿತಾ ಅವನ್ನು ಕೋನ್ ಎನ್ನುತ್ತಿದ್ದಳು. ಮಲ್ಲಪ್ಪ, “ನಮ್ಮವ್ವನ ಕಿವ್ಯಾಗಿನ ಬುಗುಡಿ ಇದ್ದಂಗ ಅದಾವು” ಎಂದ. ನಮಗೂ ಬುಗುಡಿಯೇ ಬಾಯಿಗೆ ಬಂತು. ಕೆಳಗಿನವು ಮೇಲಿನವುಗಳಿಗಿಂತ ದಪ್ಪಗೆ, ತೂಕವಾಗಿದ್ದವು. ಭಾವ ಹಿಗ್ಗಿಹೋದರು. ನಾನು ಏನೂ ಗೊತ್ತಿಲ್ಲದವನಂತೆ ಬಾವಿಯ ಕಡೆ ನೋಡುತ್ತಿದ್ದೆ. ಒಳಗೊಳಗೇ ನನಗೆ ನಾನೇ ಹಾರ ಹಾಕಿಕೊಂಡದ್ದು ಎಷ್ಟು ಸಲವೋ. ಭಾವ ಮಾತ್ರ ಒಂದು ಬುಗುಡಿಯನ್ನೂ ಮೂಸಿರಲಿಲ್ಲ. “ಬಲಿಯುವ ತನಕ ಮೂಸುದಿಲ್ಲ ಭಾವ. ಮೊದಲೇ ಮೂಸಿ, ಎಂತದೂ ಬಾರದಿದ್ರೆ, ಮತ್ತೆ ನೀರು ಹಾಕ್ಲಿಕ್ಕೆ ಮನಸ್ಸು ಬರುದಿಲ್ಲ” ಎಂದಿದ್ದರು.

ಕೊಯ್ಲಿನ ದಿನ ಬಂತು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು. ಭಾವ ಗಡ್ಡ ಹೆರೆದು, ಗಲ್ಲಾದಲ್ಲಿ ಕೂರುವಾಗ ಹಾಕುತ್ತಿದ್ದ ಬಿಳಿ ಅಂಗಿ ಹಾಕಿದ್ದರು. ಎಲ್ಲಕ್ಕಿಂತ ದಪ್ಪದ ಒಂದು ಬುಗುಡಿಯನ್ನು ಆರಿಸಿ ಕಿತ್ತು, ಅಂಗೈಯಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿದರು. ನಿಕಿತಾ, ಮಲ್ಲಪ್ಪ, ನಾನು ಮೂವರೂ ಅವರ ಮುಖವನ್ನೇ ನೋಡುತ್ತ ನಿಂತೆವು. ಭಾವ ಕಣ್ಣು ತೆರೆದರು. ಇನ್ನೊಂದು ಕಿತ್ತರು. ಉಜ್ಜಿದರು.

“ಎಂತದೂ ಇಲ್ಲ” ಎಂದರು.

ಮೂರನೆಯದನ್ನು ಕೀಳಲಿಲ್ಲ. ಕೈ ಒರೆಸಿಕೊಂಡು ಬಾವಿಕಟ್ಟೆಯ ಮೇಲೆ ಕೂತರು. ತಗಡಿನ ಮುಂದೆ ನಿಲ್ಲುತ್ತಿದ್ದ ಅದೇ ಮುಖ.

ನಿಕಿತಾ ಅಷ್ಟರಲ್ಲಿ ಒಂದು ಬುಗುಡಿಯನ್ನು ಉಗುರಿನಲ್ಲಿ ಸೀಳಿದ್ದಳು. “ಬೀಜ್! ಇದರಲ್ಲಿ ಬೀಜ ಕೈಸೇ ಬಂತು?” ಎಂದು ಇನ್ನೊಂದು ಸೀಳಿದಳು, ಮತ್ತೊಂದು ಸೀಳಿದಳು. ಎಲ್ಲದರಲ್ಲೂ ಕಂದು ಬೀಜ. “ಅಂಕಲ್, ಅದಕ್ಕೇ ನಾನು ಮೇಲ್ ಪ್ಲಾಂಟ್ ತೆಗೀಲಿಕ್ಕೆ ಹೇಳಿದ್ದು. ಒಳಗೆ ಹಳದಿ ಪೌಡರ್ ಇರ್ತದೆ ನಾ, ಸ್ಮೆಲ್ ಎಲ್ಲ ಅದರಲ್ಲೇ. ಬೀಜ ಆದ್ರೆ ಬಳ್ಳಿ ಪೂರಾ ತಾಕತ್ ಬೀಜಕ್ಕೆ ಹಾಕ್ತದೆ, ಪೌಡರ್ ಕಮ್ಮಿ ಆಗ್ತದೆ. ಇದಕ್ಕೆ ಗಂಡು ಬೇಡವೇ ಬೇಡ.”

ಮಾಡಹಾಗಲ ಬೆಳೆಯುವುದು ಕಾಯಿಗೆ, ಇದನ್ನು ಬೆಳೆಯುವುದು ಹೂವಿಗೆ. ಇಷ್ಟು ಸಣ್ಣ ಸಂಗತಿ. ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

“ಮಲ್ಲಪ್ಪ ಅಂಕಲ್, ಊಪರ್ ಕಾ ಒಂದು ಕೊಡಿ” ಎಂದಳು. ಮಲ್ಲಪ್ಪ ಬಿದಿರು ಹತ್ತಿ ಮೇಲಿನ ಬುಗುಡಿಗಳನ್ನು ಎಸೆದ. ಸೀಳಿದರೆ ಬೀಜವಿಲ್ಲ. ಅರಿಸಿನದಂಥ ಪುಡಿ ತುಂಬಿತ್ತು. ಇನ್ನೊಂದು ಬಳ್ಳಿಯದು, ಮತ್ತೊಂದು ಬಳ್ಳಿಯದು. ಮೇಲೆ ಬೀಜವಿಲ್ಲ, ಕೆಳಗೆ ಬೀಜ. ನಿಕಿತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಐಸಾ ಕೌನ್ಸಾ ಹವಾ ಹೈ? ಗಂಡುಹೂವಿನ ಪುಡಿ ತರುವ ಗಾಳಿ ಇಷ್ಟೇ ಎತ್ತರಕ್ಕೆ ಬಂದು ನಿಲ್ತದಾ?”

ಮಲ್ಲಪ್ಪ ಕಟ್ಟಡದ ಮನುಷ್ಯ. ಬೀಜ ಮುಗಿಯುವ ಜಾಗಕ್ಕೆ ಮೊದಲ ಬಳ್ಳಿಯಿಂದ ಕೊನೆಯ ಬಳ್ಳಿಯವರೆಗೆ ದಾರ ಎಳೆದು ಕಟ್ಟಿದ. ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿ, “ಲೆವೆಲ್ ಬರೋಬ್ಬರಿ ಐತ್ರೀ” ಎಂದ. ಆಮೇಲೆ ಅವನ ದೃಷ್ಟಿ ನಿಧಾನವಾಗಿ ನನ್ನ ಮೇಲೆ ಬಂದು ನಿಂತಿತು. “ಮಾಸ್ತರ, ಜರಾ ಈ ದಾರದ ಬುಡಕ ಬಂದು ಕೈ ಎತ್ರಿ.”

ಎತ್ತಿದೆ. ನನ್ನ ಬೆರಳ ತುದಿ ದಾರಕ್ಕೆ ತಾಗಿತು.

“ಹೂವಿಗಿ ಬಣ್ಣಾ ಹಚ್ಚಾಕತ್ತಾರ ಅನ್ಕೊಂಡಿದ್ದೆ ನಾ” ಎಂದು ಮಲ್ಲಪ್ಪ ಪಾಪದ ದನಿಯಲ್ಲಿ ಹೇಳಿದ.

ಕೈ ಎತ್ತಿಕೊಂಡೇ ಎಲ್ಲವನ್ನೂ ಒಪ್ಪಿಕೊಂಡೆ. ಬಾಟಲಿ, ಬ್ರಶ್, ಅಮ್ಮ, ಶಾಂತಕ್ಕ, ಹಳದಿ ಪೀಚು. ಭಾವ ಬಾವಿಕಟ್ಟೆಯಿಂದ ಎದ್ದು ಬಂದರು. ಬೈಯಲಿ ಎಂದು ದೇವರನ್ನು ಬೇಡಿಕೊಂಡೆ. ಬೈಯಲಿಲ್ಲ.

“ಭಾವ, ಶಾಲೆಯಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳ್ಲಿಕ್ಕೆ ಬಿಡ್ತಿದ್ರಾ ನೀವು?”

“ಇಲ್ಲ.”

“ಹಾಂ. ಅದೇ.”

ನನ್ನ ಜೀವನದಲ್ಲಿ ನಾನು ಅಷ್ಟು ನಾಚಿಕೆಪಟ್ಟದ್ದಿಲ್ಲ. ಅತ್ತುಬಿಡುತ್ತೇನೆ ಎನಿಸಿತು. ಆಗ ನಿಕಿತಾ ಮೇಲಿನಿಂದ ಬಿದ್ದ ಒಂದು ಬುಗುಡಿಯನ್ನು ಭಾವನ ಅಂಗೈಯಲ್ಲಿಟ್ಟು, ತಾನೇ ಅವರ ಬೆರಳು ಮಡಚಿದಳು. ಭಾವ ಉಜ್ಜಿದರು, ಹೆಚ್ಚು ಆಸೆಯಿಲ್ಲದೆ ಮೂಗಿಗೆ ಹಿಡಿದರು. ಅವರ ತಲೆ ತಟ್ಟನೆ ಹಿಂದಕ್ಕೆ ಹೋಯಿತು.

“ಅಮ್ಮಾ!” ಎಂದರು. ಮತ್ತೆ ಹಿಡಿದರು. “ಇದು ದೂರದಲ್ಲಿಲ್ಲ ಭಾವ. ಇಲ್ಲೇ ಉಂಟು. ಮೂಗಿನ ಒಳಗೇ ಉಂಟು!”

ಮಳೆಯ ಮೊದಲ ಹನಿಗಳು ಬೀಳುವಷ್ಟರಲ್ಲಿ ಮೇಲಿನ ಮಾಳಿಗೆಗಳ ಬುಗುಡಿಯಷ್ಟನ್ನೂ ಕೊಯ್ದು ಮುಗಿಸಿದೆವು. ಒಂದಲ್ಲ, ಮೂರು ಬಕೆಟು. ಕೈಯೆಲ್ಲ ಹಳದಿ, ಕಹಿ. ಎರಡು ದಿನ ನಾನು ಮುಟ್ಟಿದ ಬೆಲ್ಲವೂ ಕಹಿಯಾಗಿತ್ತು. ನಾನು ಧೈರ್ಯವಂತನಾಗಿ ಪರಾಂಚಿ ಹತ್ತಿದ್ದರೆ ಒಂದು ಬುಗುಡಿಯೂ ಉಳಿಯುತ್ತಿರಲಿಲ್ಲ. ಈ ಕೃಷಿಗೆ ನನ್ನ ಕಾಣಿಕೆ ಏನು ಎಂದು ಯಾರಾದರೂ ಕೇಳಿದರೆ, ಹೇಡಿತನ ಎಂದು ಎದೆತಟ್ಟಿ ಹೇಳಬಲ್ಲೆ. ಬೀಜದ ಬುಗುಡಿಗಳನ್ನು ಸುಲೋಚನಾ ತಲೆದಿಂಬಿಗೆ ತುಂಬಿ ಹೊಲಿದಳು; ನಿದ್ದೆಗೆ ಒಳ್ಳೆಯದಂತೆ. ಆ ದಿಂಬು ಯಾರ ಪಾಲಿಗೆ ಬಂತು ಎಂದು ನಿಮಗೆ ಹೇಳಬೇಕಾಗಿಲ್ಲ. ಹೊರಳಿದಾಗಲೆಲ್ಲ ಬೀಜಗಳು ಕಿವಿಯ ಹತ್ತಿರ ಚರಚರ ಎನ್ನುತ್ತವೆ.

ಮೂರು ವಾರದ ಮೇಲೆ ಭಾಂಡುಪಿನ ಶೆಡ್ಡಿನಲ್ಲಿ ಆ ಬಿಯರಿನ ಪೀಪಾಯಿ ತೆರೆದರು. ಬೋರ್ಡಿನ ಮೇಲೆ ನಿಕಿತಾ ಅದರ ಹೆಸರನ್ನು ‘ಥರ್ಡ್ ಫ್ಲೋರ್’ ಎಂದು ಬರೆದು, ಕೆಳಗೆ ಭಾವನ ಹೆಸರನ್ನೂ ಮಲ್ಲಪ್ಪನ ಹೆಸರನ್ನೂ ಬರೆದಿದ್ದಳು. ನನ್ನ ಹೆಸರಿರಲಿಲ್ಲ, ನ್ಯಾಯವೇ. ಮಳೆಯಿಂದ ಗಾಡಿಗಳೆಲ್ಲ ನಿಂತು ನಾನು ತಡವಾಗಿ ಹೋದೆ. ಶೆಡ್ಡಿನ ತುಂಬ ಜನ. ದೂರದಲ್ಲಿ ಭಾವ ಬಾಗಿಲಿಗೆ ಬೆನ್ನು ಹಾಕಿ, ಅದೇ ಬಿಳಿ ಅಂಗಿಯಲ್ಲಿ, ಒಂದು ಲೋಟವನ್ನು ಬಾಯಿಗಲ್ಲ, ಮೂಗಿಗೆ ಹಿಡಿದು ಕೂತಿದ್ದರು. ಪಕ್ಕದಲ್ಲಿ ಒಬ್ಬ ಗಡ್ಡದವನು ಮಾವು, ಪೈನ್ ಮರ ಎಂದು ವರದಿ ಒಪ್ಪಿಸುತ್ತಿದ್ದ. ಭಾವನ ಕುತ್ತಿಗೆ ಕಾಲರಿನೊಳಗೆ ಸ್ವಲ್ಪ ತುಂಬಿಕೊಂಡಂತಿತ್ತು. ಅವರನ್ನು ಎದುರಿಸುವ ಧೈರ್ಯ ಇನ್ನೂ ಬಂದಿರಲಿಲ್ಲ. ಛತ್ರಿ ಮಡಚಿ, ಮೆಲ್ಲಗೆ ಅವರ ಹಿಂದಿನ ಕಂಬದ ಮರೆಯಲ್ಲಿ ನಿಂತೆ.

ಭಾವ ಲೋಟ ಕೆಳಗಿಟ್ಟರು. ತಲೆ ಎತ್ತಿದರು. ಒಂದು ಸಲ ಗಾಳಿ ಎಳೆದುಕೊಂಡರು, ಇನ್ನೊಂದು ಸಲ ಎಳೆದುಕೊಂಡರು. ತಿರುಗಿ ನೋಡಲಿಲ್ಲ. ಗಲ್ಲಾದಲ್ಲಿ ಕೂತ ಕಾಲದ ಅದೇ ದೊಡ್ಡ ದನಿಯಲ್ಲಿ, ಶೆಡ್ಡಿಗೆ ಶೆಡ್ಡೇ ಕೇಳುವಂತೆ, “ಬಂದ್ರು ನುಸಿಗುಳಿಗೆ ಮಾಸ್ಟ್ರು!” ಎಂದರು.

ಎಲ್ಲರೂ ನಕ್ಕರು. ನಾನು ಕಂಬದ ಮರೆಯಿಂದ ಈಚೆ ಬಂದೆ.

ಆ ರಾತ್ರಿ ಮನೆಗೆ ಬಂದವನೇ ಸುಲೋಚನಾಳಿಗೆ ಹೇಳಿದೆ, ನಾಳೆಯಿಂದ ನನ್ನ ಅಂಗಿಗಳ ನಡುವೆ ಇನ್ನೆರಡು ನುಸಿಗುಳಿಗೆ ಹೆಚ್ಚಿಗೆ ಇಡು ಎಂದು.